ಹನ್ನೆರಡು ಲಾಟ್, ಒಂದು ದರ: ಸರಾಸರಿ ಸೂತ್ರಗಳನ್ನು ಒರೆಗೆ ಹಚ್ಚಿದ್ದು

ಸೋಮವಾರ ಮತ್ತು ಗುರುವಾರ ಟೆಂಡರ್ ದರ ಹೊರಬಿದ್ದ ಮೇಲೆ ಬ್ಯಾಡಗಿಯ ನಮ್ಮ ಅಂಗಡಿಯ ಫೋನಿಗೆ ಪುರುಸೊತ್ತಿರುವುದಿಲ್ಲ. ಗದಗ ಕಡೆಯಿಂದಲೋ ಬಳ್ಳಾರಿ ಕಡೆಯಿಂದಲೋ ಯಾರಾದರೊಬ್ಬ ರೈತರು ಕೇಳುತ್ತಾರೆ: "ಇವತ್ತು ಕಡ್ಡಿ ಎಷ್ಟು ನಡೆಯಿತು?" ಕಡ್ಡಿ ಎಂದರೆ ಬ್ಯಾಡಗಿ ಒಣಮೆಣಸಿನಕಾಯಿಯ ಒಂದು ಬಗೆ. ಅವರಿಗೆ ಬೇಕಾದದ್ದು ಒಂದೇ ಅಂಕಿ. ಕಾಯಿಯನ್ನು ಮುಂದಿನ ವಾರ ಪೇಟೆಗೆ ತರಬೇಕೋ, ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕೋ ಎಂಬ ತೀರ್ಮಾನ ಆ ಅಂಕಿಯ ಮೇಲೆ ನಿಂತಿರುತ್ತದೆ. ಆ ಅಂಕಿಯನ್ನು ಹೇಳಬೇಕಾದವನು ನಾನು; ಈ ದಲಾಲಿ ಅಂಗಡಿಯ ಲೆಕ್ಕ ಬರೆಯುವವನು.

ಮಾರುಕಟ್ಟೆ ಸಮಿತಿಯವರು ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಕೊಡುತ್ತಾರೆ. ಜನರ ಬಾಯಲ್ಲಿ ಉಳಿಯುವುದು ಗರಿಷ್ಠ ಒಂದೇ. ಎರಡು ಮೂರು ಚೀಲದ ಅಪರೂಪದ ಲಾಟ್ (ಒಂದೇ ದರಕ್ಕೆ ಒಟ್ಟಿಗೆ ಮಾರುವ ರಾಶಿ) ಒಂದು ನಲವತ್ತು ಸಾವಿರ ದಾಟಿದರೆ ಸಾಕು, ಮರುದಿನ ಪತ್ರಿಕೆ ಹಿಡಿದುಕೊಂಡು ಬಂದು "ನನ್ನದಕ್ಕೇಕೆ ಇಪ್ಪತ್ತೈದು?" ಎಂದು ಕೇಳುವವರಿದ್ದಾರೆ. ಇತ್ತ ಬಣ್ಣ ಹೋದ ಬಿಳಿಗಾಯಿಯ ಲಾಟ್ ಮೂರು ಸಾವಿರಕ್ಕೆ ಬಿದ್ದಿರುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಬೆಲೆಯೆಲ್ಲ ಅದರ ಬಣ್ಣದಲ್ಲಿದೆ. ಖಾರ ಕಡಿಮೆ, ಕೆಂಪು ಹೆಚ್ಚು ಎಂಬುದೇ ಅದರ ಹೆಸರು. ಬಣ್ಣ ಕೆಟ್ಟರೆ ದರ ಮೆಟ್ಟಿಲಿಳಿಯುವುದಿಲ್ಲ, ಬಾವಿಗೆ ಬೀಳುತ್ತದೆ. ಈ ಎರಡೂ ತುದಿಗಳನ್ನು ಬಿಟ್ಟು ನಡುವಿನ ನಿಜವಾದ ದರವನ್ನು ಎಕ್ಸೆಲ್ ಹಾಳೆಯಿಂದ ಹೇಗೆ ತೆಗೆಯಬೇಕೆಂದು ನಾನು ಒಂದು ಹಂಗಾಮು ಪೂರ್ತಿ ಒದ್ದಾಡಿದ್ದೇನೆ.

ಪರೀಕ್ಷೆಗೆ ಒಂದು ದಿನದ ಹನ್ನೆರಡು ಕಡ್ಡಿ ಲಾಟ್‌ಗಳನ್ನು ಇಟ್ಟುಕೊಂಡೆ. ಕ್ವಿಂಟಲಿಗೆ ರೂಪಾಯಿ ಲೆಕ್ಕದಲ್ಲಿ ಬಿ ಕಾಲಂನ ಎರಡನೆಯ ಸಾಲಿನಿಂದ ಹದಿಮೂರನೆಯ ಸಾಲಿನವರೆಗೆ ಹೀಗೆ: 24,509, 26,009, 22,809, 27,209, 25,109, 2,809, 26,809, 23,509, 44,009, 25,609, 3,409, 24,209. ಒಂಬತ್ತು ಲಾಟ್‌ಗಳು ಇಪ್ಪತ್ತೆರಡೂವರೆಯಿಂದ ಇಪ್ಪತ್ತೇಳೂವರೆ ಸಾವಿರದೊಳಗೆ ಒಟ್ಟಿಗೆ ಕುಳಿತಿವೆ. ಮೂರು ಮಾತ್ರ ಬೇರೆ ಲೋಕದವು. ಕಣ್ಣಿದ್ದವರಿಗೆ ಇದು ಒಂದು ಕ್ಷಣದ ಕೆಲಸ. ಹಾಳೆಗೆ ಕಣ್ಣಿಲ್ಲ.

ಬರಿಯ ಸರಾಸರಿ 23,001. ಹನ್ನೆರಡರಲ್ಲಿ ಒಂಬತ್ತು ಜನ ಇದಕ್ಕಿಂತ ಹೆಚ್ಚು ಪಡೆದಿದ್ದಾರೆ. ಫೋನಿನಲ್ಲಿ ಇದನ್ನು ಹೇಳಿದರೆ ರೈತರನ್ನು ಸುಮ್ಮನೆ ಹೆದರಿಸಿದಂತೆ.

ಈ ಕೆಲಸಕ್ಕೆ ಮೊದಲೇ ಒಂದು ಸೂತ್ರವಿತ್ತು. ಸಾಹುಕಾರರ ಅಳಿಯ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ಬರೆದುಕೊಟ್ಟದ್ದು. ಆವರೇಜ್ ಒಳಗೆ ಇಫ್, ಇಫ್ ಒಳಗೆ ಇನ್ನೊಂದು ಇಫ್, ಎರಡರಲ್ಲೂ ಮೂರು ಮೂರು ಕ್ವಾರ್ಟೈಲ್ (ಅಂಕಿಗಳನ್ನು ಸಾಲಾಗಿ ನಿಲ್ಲಿಸಿದಾಗ ಕಾಲು ಭಾಗ, ಮುಕ್ಕಾಲು ಭಾಗ ಎಲ್ಲಿ ಮುಗಿಯುತ್ತದೆ ಎಂದು ಹೇಳುವ ಸೂತ್ರ). ಬಿ2:ಬಿ13 ಎಂಬುದು ಒಂದೇ ಸಾಲಿನಲ್ಲಿ ಒಂಬತ್ತು ಸಲ ಬರುತ್ತಿತ್ತು. ಹಳೆಯ ಎಕ್ಸೆಲ್ ಆದ್ದರಿಂದ ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಬರಿ ಎಂಟರ್ ಒತ್ತಿದರೆ ಮುನಿಸು. ಒಂದು ಗುರುವಾರ ಹದಿಮೂರನೆಯ ಲಾಟ್ ತಡವಾಗಿ ಬಂತು. ಒಂಬತ್ತು ಕಡೆ ಬಿ13 ಇದ್ದುದನ್ನು ಬಿ14 ಮಾಡಬೇಕಿತ್ತು. ನಾನು ಎಂಟು ಕಡೆ ತಿದ್ದಿದೆ. ಬಿಟ್ಟುಹೋದದ್ದು ಒಂದು ಕ್ವಾರ್ಟೈಲಿನ ಹೊಟ್ಟೆಯೊಳಗಿತ್ತು, ಆದ್ದರಿಂದ ದೋಷ ತೋರಿಸಲಿಲ್ಲ, ಉತ್ತರ ಮಾತ್ರ ತುಸು ಸರಿಯಿತು. ಮೂರು ವಾರ ಅದೇ ಹಾಳೆಯನ್ನು ನಕಲು ಮಾಡಿ ಬಳಸಿದ್ದೆ. ಆಮೇಲೆ ಅಳಿಯಂದಿರು ಲೆಟ್ ಮತ್ತು ಫಿಲ್ಟರ್ ಎಂಬ ಹೊಸ ಸೂತ್ರಗಳನ್ನು ಹಾಕಿ ಅದನ್ನೇ ಚೊಕ್ಕಟವಾಗಿ ಬರೆದು ಕಳಿಸಿದರು. ನೋಡಲು ಚೆಂದವಿತ್ತು. ಆದರೆ ಅಂಗಡಿಯ ಕಂಪ್ಯೂಟರಿನಲ್ಲಿರುವುದು 2016ರ ಎಕ್ಸೆಲ್. ಅದಕ್ಕೆ ಲೆಟ್ ಎಂದರೆ ಏನೆಂದೇ ಗೊತ್ತಿಲ್ಲ. ಹೆಸರು ತಿಳಿಯದು ಎಂಬ ದೋಷ ತೋರಿಸಿ ಕೈಕಟ್ಟಿ ನಿಂತಿತು. ಅಂದಿನಿಂದ ನನಗೆ ಸರಳವಾದದ್ದನ್ನು ಹುಡುಕುವ ಹಟ ಹುಟ್ಟಿತು.

ಎಲ್ಲಕ್ಕಿಂತ ಸರಳವಾದದ್ದು ಭಜನಾ ಸ್ಪರ್ಧೆಯ ತೀರ್ಪಿನ ಲೆಕ್ಕ: ದೊಡ್ಡದೊಂದು, ಸಣ್ಣದೊಂದು ಬಿಡು, ಉಳಿದದ್ದನ್ನು ಹಂಚು.

=(ಸಮ್(ಬಿ2:ಬಿ13)-ಮ್ಯಾಕ್ಸ್(ಬಿ2:ಬಿ13)-ಮಿನ್(ಬಿ2:ಬಿ13))/(ಕೌಂಟ್(ಬಿ2:ಬಿ13)-2)

(ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಹಾಳೆಯಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಬೇಕು.) ಓದಿದರೆ ಅರ್ಥವಾಗುತ್ತದೆ, ಯಾವ ಕಾಲದ ಎಕ್ಸೆಲ್‌ನಲ್ಲೂ ನಡೆಯುತ್ತದೆ, ಸಾಹುಕಾರರಿಗೂ ವಿವರಿಸಬಹುದು. ಉತ್ತರ 22,919. ಅಂದರೆ ಬರಿಯ ಸರಾಸರಿಗಿಂತಲೂ ಕೆಳಗೆ! 44,009 ಹೋಯಿತು, 2,809 ಹೋಯಿತು, 3,409 ಮಾತ್ರ ಒಳಗೇ ಕುಳಿತು ಎಲ್ಲರನ್ನೂ ಕೆಳಗೆಳೆಯಿತು. ಕೆಟ್ಟ ಲಾಟ್ ಒಂದೇ ಬರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲವಲ್ಲ. ಇನ್ನೊಂದು ತಪ್ಪು ನನ್ನದೇ: ದರ ಒಪ್ಪದೆ ರೈತರು ಹಿಂದಕ್ಕೆ ಪಡೆದ ಲಾಟ್‌ಗೆ ನಾನು 0 ಬರೆಯುತ್ತಿದ್ದೆ. ಆಗ ಮಿನ್ ಎಂದರೆ ಆ ಸೊನ್ನೆ. ಸೂತ್ರ ಸೊನ್ನೆಯನ್ನು ತೆಗೆದುಹಾಕಿ ಬಿಳಿಗಾಯಿಯನ್ನು ಉಳಿಸಿಕೊಳ್ಳುತ್ತಿತ್ತು. ಖಾಲಿ ಬಿಟ್ಟ ಕೋಣೆಯನ್ನು ಹಾಳೆ ಲೆಕ್ಕಕ್ಕೇ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. ಈಗ ಖಾಲಿ ಬಿಡುತ್ತೇನೆ.

ಷರತ್ತಿಗೆ ಒಪ್ಪುವ ಅಂಕಿಗಳ ಸರಾಸರಿಯನ್ನಷ್ಟೇ ತೆಗೆಯುವ ಆವರೇಜ್‌ಇಫ್ಸ್‌ನಲ್ಲಿ "ಮಿನ್‌ಗಿಂತ ದೊಡ್ಡದು, ಮ್ಯಾಕ್ಸ್‌ಗಿಂತ ಸಣ್ಣದು" ಎಂದು ಬರೆದರೂ ಈ ದಿನದ ಮಟ್ಟಿಗೆ ಅದೇ 22,919. ವ್ಯತ್ಯಾಸ ಕಾಣುವುದು ಗರಿಷ್ಠ ದರ ಎರಡು ಲಾಟ್‌ಗೆ ಒಂದೇ ಬಿದ್ದಾಗ: ಮೊದಲಿನದು ಒಂದನ್ನು ಬಿಡುತ್ತದೆ, ಇದು ಎರಡನ್ನೂ ಬಿಡುತ್ತದೆ. ಎಲ್ಲ ಲಾಟ್‌ಗೂ ಒಂದೇ ದರ ಬಂದರೆ ಯಾವುದನ್ನೂ ಉಳಿಸದೆ ಸೊನ್ನೆಯಿಂದ ಭಾಗಿಸಿದ ದೋಷ ತೋರಿಸುತ್ತದೆ.

ನಿಜವಾದ ಸ್ಪರ್ಧೆ ಇರುವುದು ಟ್ರಿಮ್‌ಮೀನ್‌ನದು. ಎರಡೂ ತುದಿಯಿಂದ ಒಂದಿಷ್ಟು ಪಾಲು ಬಿಟ್ಟು ಉಳಿದದ್ದರ ಸರಾಸರಿ ತೆಗೆಯುವ, ಈ ಕೆಲಸಕ್ಕೆಂದೇ ಹುಟ್ಟಿದ ಸೂತ್ರ. ಎಕ್ಸೆಲ್‌ನಲ್ಲಿದೆ, ಗೂಗಲ್ ಶೀಟ್ಸ್‌ನಲ್ಲಿದೆ, ಲಿಬ್ರೆಆಫೀಸ್‌ನಲ್ಲೂ ಇದೆ.

=ಟ್ರಿಮ್‌ಮೀನ್(ಬಿ2:ಬಿ13, 0.2)

ಇಷ್ಟೇ. ಮೊದಲ ಸಲ ನೋಡಿದಾಗ ಮದುವೆ ಮನೆಯಲ್ಲಿ ಮಾವಿನಹಣ್ಣಿನ ಸೀಕರಣೆ ಕಂಡಷ್ಟು ಖುಷಿಯಾಯಿತು. ಉತ್ತರ ನೋಡಿದರೆ ಮತ್ತೆ 22,919. 0.3 ಹಾಕಿದೆ. ಅಂಕಿ ಅಲುಗಲಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದುಕೊಂಡು ಹಾಳೆ ಮುಚ್ಚಿ ತೆರೆದೆ. ಕಾರಣ ಆಮೇಲೆ ತಿಳಿಯಿತು. ಆ 0.2 ಎಂಬುದು ಒಂದು ತುದಿಯದಲ್ಲ, ಎರಡೂ ತುದಿ ಸೇರಿ. ಹನ್ನೆರಡರಲ್ಲಿ 0.2 ಎಂದರೆ 2.4; ಅದನ್ನು ಕೆಳಗಿನ ಸರಿಸಂಖ್ಯೆಗೆ ಇಳಿಸಿ 2 ಮಾಡುತ್ತದೆ, ತುದಿಗೊಂದು. 0.3 ಎಂದರೆ 3.6, ಅದೂ ಇಳಿದು 2. ನಾಲ್ಕನ್ನು ಬಿಡಿಸಬೇಕೆಂದರೆ 0.34 ಬೇಕು. ಅದನ್ನು ಹಾಕಿದಾಗ 24,822 ಬಂತು. ಹತ್ತಿರಕ್ಕೆ ಬಂದೆವು. ಆದರೆ ಕೆಳಗಿನ ಎರಡು ಬಿಳಿಗಾಯಿಗೆ ಸರಿದೂಗಿಸಲು ಮೇಲಿನಿಂದ 44,009ರ ಜೊತೆ 27,209ನ್ನೂ ತೆಗೆದಿತ್ತು. ಆ ಲಾಟ್ ಏನು ತಪ್ಪು ಮಾಡಿತ್ತು? ಒಳ್ಳೆಯ ಕಾಯಿ, ನ್ಯಾಯವಾದ ದರ. ತಕ್ಕಡಿ ಸಮನಾಗಲಿ ಎಂದು ನಿರಪರಾಧಿಯನ್ನು ಹೊರಗಟ್ಟಿದಂತಾಯಿತು.

ಮಳೆಗಾಲದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಕೋಲ್ಡ್ ಸ್ಟೋರೇಜಿನ ಮಾಲು ಮಾತ್ರ ಬರುವ ದಿನಗಳಲ್ಲಿ ನಮ್ಮಲ್ಲಿ ಐದೇ ಲಾಟ್ ಇರುವುದುಂಟು. ಐದರಲ್ಲಿ 0.34 ಎಂದರೆ 1.7, ಕೆಳಗಿಳಿದರೆ ಸೊನ್ನೆ. ಅಂದರೆ ಟ್ರಿಮ್‌ಮೀನ್ ಏನನ್ನೂ ತೆಗೆಯದೆ ಬರಿಯ ಸರಾಸರಿಯನ್ನೇ ಕೊಡುತ್ತದೆ, ಕೊಟ್ಟದ್ದನ್ನು ಹೇಳುವುದೂ ಇಲ್ಲ. ಫೆಬ್ರುವರಿ, ಮಾರ್ಚ್‌ನ ಭರಾಟೆಯಲ್ಲಿ ನೂರಿಪ್ಪತ್ತು ಲಾಟ್ ಇರುವಾಗ 0.1 ಹಾಕಿದರೆ ತುದಿಗೆ ಆರರಂತೆ ತೆಗೆದು ಸೊಗಸಾಗಿ ಕೆಲಸ ಮಾಡುತ್ತದೆ. ತುಂಬಿದ ಪೇಟೆಗೆ ಟ್ರಿಮ್‌ಮೀನ್ ಒಳ್ಳೆಯ ಆಳು. ಖಾಲಿ ಪೇಟೆಯಲ್ಲಿ ಅದನ್ನು ನಂಬಿ ಕೂರಬೇಡಿ.

ಕಾಲೇಜಿನ ಪುಸ್ತಕದಲ್ಲಿ ಓದಿದ ಪ್ರಮಾಣ ವಿಚಲನೆಯನ್ನೂ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಬಿಡಲಿಲ್ಲ. ಸರಾಸರಿಯಿಂದ ಎರಡು ವಿಚಲನೆಗಿಂತ ದೂರ ಇರುವುದನ್ನು ಬಿಡಬೇಕು ಎಂಬ ನಿಯಮ. ನಮ್ಮ ಹನ್ನೆರಡಕ್ಕೆ ವಿಚಲನೆ ಸುಮಾರು 10,800. ಎರಡು ಪಟ್ಟು ಎಂದರೆ ಸುಮಾರು 1,350ರಿಂದ 44,650ರವರೆಗೆ ಎಲ್ಲವೂ ಸರಿ! ಮೂರೂ ಹುಚ್ಚು ಲಾಟ್‌ಗಳು ಬೇಲಿಯೊಳಗೇ ಮೇಯುತ್ತಿವೆ. ಕಳ್ಳನನ್ನು ಹಿಡಿಯಲು ಕಳ್ಳನ ಕೈಯಲ್ಲೇ ಲಾಟೀನು ಕೊಟ್ಟಂತೆ: ತುದಿಯ ಅಂಕಿಗಳೇ ವಿಚಲನೆಯನ್ನು ಉಬ್ಬಿಸಿ ತಮಗೆ ಜಾಗ ಮಾಡಿಕೊಳ್ಳುತ್ತವೆ. ಮೂರು ವಿಚಲನೆಯ ನಿಯಮವಂತೂ ಹತ್ತು ಅಥವಾ ಅದಕ್ಕಿಂತ ಕಡಿಮೆ ಅಂಕಿಗಳಿದ್ದಾಗ ಯಾವುದನ್ನೂ ಹೊರಹಾಕಲಾರದು, ಒಂದು ದರ ಕೋಟಿ ಇದ್ದರೂ, ಗಣಿತವೇ ಹಾಗಿದೆ. ಸಣ್ಣ ಅಂಗಡಿಯ ಹಾಳೆಗೆ ಇದು ಬೇಡವೇ ಬೇಡ.

ಮೀಡಿಯನ್ ವಿಷಯದಲ್ಲಿ ನನಗೆ ಪ್ರೀತಿಯೂ ಇದೆ, ಅನುಮಾನವೂ ಇದೆ. =ಮೀಡಿಯನ್(ಬಿ2:ಬಿ13) ಎಂದರೆ ಸಾಲಾಗಿ ನಿಲ್ಲಿಸಿ ನಡುವಿನವರನ್ನು ಕೇಳುವುದು; ಉತ್ತರ 24,809. ಯಾವುದನ್ನು ಬಿಡಬೇಕೆಂಬ ಗೋಜೇ ಇಲ್ಲ. ಒಮ್ಮೆ 25,609 ಬರೆಯುವಲ್ಲಿ ಬೆರಳು ಜಾರಿ 2,56,090 ಬರೆದಿದ್ದೆ. ಮೀಡಿಯನ್ 24,809 ಎಂದೇ ಹೇಳಿತು, ಒಂದು ರೂಪಾಯಿ ಅಲ್ಲಾಡಲಿಲ್ಲ. ದರ ಹೇಳುವವನಿಗೆ ಇದು ಗುಣ, ಲೆಕ್ಕ ಬರೆಯುವವನಿಗೆ ಗಂಡಾಂತರ. ಅದೇ ಅಂಕಿ ರೈತರಿಗೆ ಕೊಡುವ ಹಣದ ಪಟ್ಟಿಗೆ ಹೋಗಿದ್ದರೆ? ನನ್ನನ್ನು ಉಳಿಸಿದ್ದು ಪಕ್ಕದ ಕೋಣೆಯ ಬರಿಯ ಸರಾಸರಿ. ಅದು 42,207ಕ್ಕೆ ಹಾರಿ ಕೂಗುತ್ತಿತ್ತು. ಹೀಗಾಗಿ ಯಾವ ಸೂತ್ರ ಗೆದ್ದರೂ ಬರಿಯ ಸರಾಸರಿಯನ್ನು ನಾನು ಹಾಳೆಯಿಂದ ತೆಗೆದಿಲ್ಲ. ಅದು ದರ ಹೇಳಲು ಬಾರದು, ಕಾವಲಿಗೆ ಬರುತ್ತದೆ.

ಕೊನೆಗೆ ನಾನು ಹಿಡಿದದ್ದು ಅಳಿಯಂದಿರ ಸೂತ್ರವನ್ನೇ, ಆದರೆ ಬಿಡಿಸಿ ಹರವಿ. ಒಂದು ಕೋಣೆಯಲ್ಲಿ ತುರುಕಿದ್ದನ್ನು ಐದು ಕೋಣೆಗೆ ಹಂಚಿದೆ. ಇ1ರಲ್ಲಿ =ಕ್ವಾರ್ಟೈಲ್(ಬಿ2:ಬಿ13,1), ಬಂದದ್ದು 23,334. ಇ2ರಲ್ಲಿ ಅದೇ, ಕೊನೆಯ 1ರ ಬದಲು 3, ಬಂದದ್ದು 26,209. ಅಂದರೆ ನಡುವಿನ ಅರ್ಧ ಪೇಟೆ ಇವೆರಡರ ನಡುವೆ ನಡೆದಿದೆ, ಅಗಲ 2,875. ಆ ಅಗಲದ ಒಂದೂವರೆ ಪಟ್ಟನ್ನು ಕೆಳಗೂ ಮೇಲೂ ಬಿಟ್ಟು ಬೇಲಿ ಹಾಕುವುದು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಅವರ ನಿಯಮ. ಇ3ರಲ್ಲಿ =ಇ1-1.5*(ಇ2-ಇ1), ಇ4ರಲ್ಲಿ =ಇ2+1.5*(ಇ2-ಇ1). ಬೇಲಿ 19,022ರಿಂದ 30,522ರವರೆಗೆ ಬಿತ್ತು. ಆಮೇಲೆ ಇ5ರಲ್ಲಿ:

=ಆವರೇಜ್‌ಇಫ್ಸ್(ಬಿ2:ಬಿ13, ಬಿ2:ಬಿ13, ">="&ಇ3, ಬಿ2:ಬಿ13, "<="&ಇ4)

ಉತ್ತರ 25,087. ಮೂರನ್ನೇ ಬಿಟ್ಟಿದೆ, ಕೆಳಗಿನ ಎರಡು, ಮೇಲಿನ ಒಂದು. 27,209 ತನ್ನ ಜಾಗದಲ್ಲಿದೆ. ಕಣ್ಣು ಮಾಡುತ್ತಿದ್ದ ಕೆಲಸ ಇದೇ. ಎಡವುವ ಜಾಗ ಒಂದಿದೆ: ಆ & ಚಿಹ್ನೆಯನ್ನು ಮರೆತು ಉದ್ಧರಣ ಚಿಹ್ನೆಯ ಒಳಗೇ ಇ3 ಎಂದು ಬರೆದರೆ ಹಾಳೆ ಅದನ್ನು ಕೋಣೆಯ ಹೆಸರೆಂದು ತಿಳಿಯದೆ ಅಕ್ಷರವೆಂದು ತಿಳಿಯುತ್ತದೆ, ಸೊನ್ನೆಯಿಂದ ಭಾಗಿಸಿದ ದೋಷ ಬರುತ್ತದೆ. ಅರ್ಧ ದಿನ ಅದರಲ್ಲೇ ಕಳೆದಿದ್ದೇನೆ. ಅಕ್ಷರಗಳ ಲೆಕ್ಕದಲ್ಲಿ ಇದು ಟ್ರಿಮ್‌ಮೀನ್‌ಗಿಂತ ಉದ್ದ, ನಿಜ. ಆದರೆ ಸಾಹುಕಾರರು ಇ3 ಮತ್ತು ಇ4ನ್ನು ನೋಡಿ "ಹತ್ತೊಂಬತ್ತರ ಕೆಳಗಿನದು, ಮೂವತ್ತೂವರೆ ಮೇಲಿನದು ಬಿಟ್ಟಿದ್ದೀಯಾ, ಸರಿ" ಎಂದು ತಾವೇ ಓದಿಕೊಳ್ಳುತ್ತಾರೆ. ನನಗೆ ಸರಳ ಎಂದರೆ ಅದು.

ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಸಾಹುಕಾರರೇ ಒಂದು ಪ್ರಶ್ನೆ ಹಾಕಿದರು: "ಒಂದು ಕ್ವಿಂಟಲಿನ ಲಾಟ್‌ಗೂ ನಲವತ್ತು ಕ್ವಿಂಟಲಿನ ಲಾಟ್‌ಗೂ ಒಂದೇ ಮಾನವೇ?" ಹೌದಲ್ಲ. ಆ 44,009ರ ಲಾಟ್ ಬರಿ ಒಂದು ಕ್ವಿಂಟಲ್, 25,609ರದು ನಲವತ್ತು. ಸಿ ಕಾಲಂನಲ್ಲಿ ತೂಕ ಬರೆದು ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಿದೆ:

=ಸಮ್‌ಪ್ರಾಡಕ್ಟ್(ಬಿ2:ಬಿ13, ಸಿ2:ಸಿ13)/ಸಮ್(ಸಿ2:ಸಿ13)

44,58,120 ರೂಪಾಯಿ, 180 ಕ್ವಿಂಟಲ್, ಉತ್ತರ 24,767. ಒಂದನ್ನೂ ಬಿಡದೆ ಮೀಡಿಯನ್ನಿನ ಪಕ್ಕಕ್ಕೆ ಬಂದು ನಿಂತಿತು! ನಮ್ಮ ಪೇಟೆಯಲ್ಲಿ ತುದಿಯ ದರಗಳು ಸಾಮಾನ್ಯವಾಗಿ ಸಣ್ಣ ಲಾಟ್‌ಗಳಿಗೇ ಬೀಳುವುದರಿಂದ ತೂಕವೇ ಅವುಗಳ ಬಾಯಿ ಮುಚ್ಚಿಸುತ್ತದೆ. ಆದರೆ ಬೆರಳು ಜಾರಿದ ಆ 2,56,090ನ್ನು ಇದಕ್ಕೆ ಕೊಟ್ಟು ನೋಡಿದೆ, 75,985 ಎಂದಿತು. ನಲವತ್ತು ಕ್ವಿಂಟಲಿನ ತಪ್ಪು ನಲವತ್ತು ಪಟ್ಟು ಗಟ್ಟಿಯಾಗಿ ಕೂಗುತ್ತದೆ.

ಆದ್ದರಿಂದ ಈಗ ಸಾಹುಕಾರರ ಲೆಕ್ಕಕ್ಕೆ ತೂಕದ ಸರಾಸರಿ, ಅಂಗಡಿ ಮುಂದಿನ ಹಲಗೆಗೆ ಬೇಲಿಯ ಸರಾಸರಿ. ಟೆಂಡರ್ ಇನ್ನೂ ಪೂರ್ತಿ ಬಂದಿರದೆ ಫೋನು ಬಡಿದುಕೊಳ್ಳುವಾಗ ಮೀಡಿಯನ್.

ಹಲಗೆಯ ವಿಷಯದಲ್ಲಿ ಒಂದು ತಿದ್ದುಪಡಿ ಆಗಿದೆ. ಬಿಟ್ಟ ಲಾಟ್‌ಗಳು ಗೊತ್ತಾಗಲಿ ಎಂದು ಹಾಳೆಯಲ್ಲಿ ಅವುಗಳಿಗೆ ಹಳದಿ ಬಣ್ಣ ಬರುವಂತೆ ಮಾಡಿದ್ದೆ. 3,409ರ ಲಾಟ್ ತಂದಿದ್ದ ಹಿರಿಯರೊಬ್ಬರು ಪಟ್ಟಿ ತೆಗೆದುಕೊಳ್ಳಲು ಬಂದವರು ಪರದೆ ನೋಡಿದರು. "ತಮ್ಮಾ, ಈ ಹಳದಿ ಏಕೆ?" "ಕಾಕಾ, ಅದನ್ನು ದರದ ಲೆಕ್ಕಕ್ಕೆ ಹಿಡಿದಿಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಳೆಗೆ ಕಣದಲ್ಲೇ ತೊಯ್ದ ಕಾಯಿ ಅದು. ನಾನು ಬಂದದ್ದಂತೂ ನಿಜವಲ್ಲ?" ಎಂದರು. ಆವತ್ತಿನಿಂದ ಹಲಗೆಯ ಮೇಲೆ ದರದ ಕೆಳಗೆ ಇನ್ನೊಂದು ಸಾಲು ಬರೆಯುತ್ತೇನೆ: ಕಡ್ಡಿ 25,087, ಒಟ್ಟು ಲಾಟ್ 12, ಲೆಕ್ಕಕ್ಕೆ ಹಿಡಿಯದವು 3.