ಕಣ್ಣಳತೆಯಲ್ಲಿ ಪಾಯಿಂಟ್ ಸೆಟ್ ಮಾಡುವವರ ಕೈಗೆ ಹಳೆ ಗಾಡಿ ಕೊಡಬೇಡಿ

ಮೈಸೂರು, ಮಂಡ್ಯ ಕಡೆ ಹಳೆ ಪೆಟ್ರೋಲ್ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡಿರುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಇದನ್ನ ಓದಿ. ಡೀಸೆಲ್‌ನವರು ಆರಾಮಾಗಿರಿ, ನಿಮಗೆ ಪಾಯಿಂಟ್ ತಲೆನೋವೇ ಇಲ್ಲ. ಪಾಯಿಂಟ್ ಅಂದರೆ ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಸಣ್ಣ ಸ್ವಿಚ್.

ನಮ್ಮದು ಅಪ್ಪನ ಕಾಲದ ಅಂಬಾಸಿಡರ್, 1489 ಸಿಸಿ ಪೆಟ್ರೋಲ್ ಇಂಜಿನ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಮಿಸ್ ಹೊಡೆಯುತ್ತಿತ್ತು, ಅಷ್ಟೇ. ಹಳೆ ಗಾಡಿ ಕೆಲಸಕ್ಕೆ ಹೆಸರು ಮಾಡಿರುವ ಮೈಸೂರಿನ ಒಂದು ಗ್ಯಾರೇಜಿಗೆ ಬಿಟ್ಟೆವು. ಹೆಸರು ಹಾಕಲ್ಲ, ದಯವಿಟ್ಟು ಕೇಳಬೇಡಿ. ಅಲ್ಲಿನ ಹುಡುಗ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದ, ಎಮರಿ ಪೇಪರ್ ಮಡಚಿ ಪಾಯಿಂಟ್ ಮಧ್ಯೆ ತೂರಿಸಿ ನಾಲ್ಕು ಸಲ ಎಳೆದ, ಒಂದು ಕಣ್ಣು ಮುಚ್ಚಿ ಗ್ಯಾಪ್ ನೋಡಿದ, ಸ್ಕ್ರೂ ಬಿಗಿ ಮಾಡಿದ. ಗ್ಯಾಪ್ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ಇಲ್ವಾ ಅಂದರೆ ಓನರ್ ನಕ್ಕು "ನಮ್ಮ ಕಣ್ಣೇ ಗೇಜ್ ಸಾರ್" ಅಂದರು.

ಆ ವಾರವೇ ಚಾಮುಂಡಿ ಬೆಟ್ಟಕ್ಕೆ ಹೋದಾಗ ಗೊತ್ತಾಯಿತು. ಥರ್ಡ್‌ನಲ್ಲಿ ಹತ್ತುತ್ತಿದ್ದ ಜಾಗದಲ್ಲೆಲ್ಲ ಸೆಕೆಂಡ್ ಹಾಕಬೇಕಾಯಿತು. ಪಿಕಪ್ ಇಲ್ಲ, ಹೀಟ್ ಮುಳ್ಳು ಬೇರೆ ಮೇಲಕ್ಕೆ. ವಾಪಸ್ ತಗೊಂಡು ಹೋದರೆ ಡಿಸ್ಟ್ರಿಬ್ಯೂಟರನ್ನೇ ಕೈಯಲ್ಲಿ ಒಂಚೂರು ತಿರುಗಿಸಿ ಟೈಮಿಂಗ್, ಅಂದರೆ ಸ್ಪಾರ್ಕ್ ಬೀಳುವ ಹೊತ್ತು, ಮುಂದಕ್ಕೆ ಇಟ್ಟುಕೊಟ್ಟರು. ಸ್ವಲ್ಪ ದಿನ ಸರಿ ಇತ್ತು, ಆಮೇಲೆ ಅದೇ ಕಥೆ. ಆಗ ಕಾರ್ಬೊರೇಟರ್ ಹೋಗಿದೆ ಅಂದರು, ಬಿಚ್ಚಿ ಕಿಟ್ ಹಾಕಿದರು. ಅದಾದ ಮೇಲೆ ಸ್ಪಾರ್ಕಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ವೀಕ್ ಅಂತ ಹೊಸ ಕಾಯಿಲ್. ಒಂದೊಂದಕ್ಕೂ ಬೇರೆ ಬೇರೆ ಬಿಲ್, ಮಾಮೂಲಿ.

ಹೊಸ ಕಾಯಿಲ್ ಹಾಕಿಸಿಕೊಂಡು ಮಂಡ್ಯದ ಮದುವೆಗೆ ಹೊರಟೆವು. ಶ್ರೀರಂಗಪಟ್ಟಣ ದಾಟಿ ಬಾಬುರಾಯನಕೊಪ್ಪಲು ಹತ್ತಿರ ಗಾಡಿ ಪಟಪಟ ಅಂದು ನಿಂತೇಬಿಟ್ಟಿತು. ಬಾನೆಟ್ ಎತ್ತಿ ನೋಡಿದರೆ ಕಾಯಿಲ್ ಮುಟ್ಟೋಕೆ ಆಗಲ್ಲ, ಅಷ್ಟು ಸುಡುತ್ತಿದೆ.

ಮಂಡ್ಯದಿಂದ ಬಂದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಪಾಯಿಂಟ್ ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದರು. ಎರಡು ಮುಖವೂ ನೀಲಿ ತಿರುಗಿತ್ತು. ಒಂದರ ಮೇಲೆ ಸಣ್ಣ ಗುಬಟು, ಎದುರಿನದರಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಗುಳಿ. "ಯಾರ್ ಸಾರ್ ಇದಕ್ಕೆ ಎಮರಿ ಉಜ್ಜಿದೋರು? ಅದರ ಪುಡಿ ಕಚ್ಕೊಂಡು ಕೂತ್ಕೊಂಡ್ರೆ ಕರೆಂಟ್ ಹೆಂಗ್ ಹೋಗ್ಬೇಕು" ಅಂತ ಬೈದರು, ನನ್ನನ್ನಲ್ಲ, ಉಜ್ಜಿದವರನ್ನ. ಪಾಯಿಂಟಿಗೆ ಎಮರಿ ಹಾಕಲೇಬಾರದಂತೆ. ತೆಳು ಪಾಯಿಂಟ್ ಫೈಲ್ ಬೇರೆ ಸಿಗುತ್ತೆ. ಇಷ್ಟು ಗುಳಿ ಬಿದ್ದ ಮೇಲೆ ಅದೂ ದಂಡ, ಹೊಸದೇ ಹಾಕಬೇಕು. ಗುಳಿ ಬಿದ್ದ ಪಾಯಿಂಟಿಗೆ ಫೀಲರ್ ಗೇಜ್ ಇಟ್ಟರೂ ಸುಳ್ಳು ಲೆಕ್ಕ ಬರುತ್ತೆ, ಯಾಕಂದ್ರೆ ಪಟ್ಟಿ ಗುಬಟಿಗೆ ತಾಗಿ ನಿಲ್ಲುತ್ತೆ, ಎದುರಿನ ಗುಳಿಯ ಆಳ ಅದಕ್ಕೆ ಸಿಗೋದೇ ಇಲ್ಲ.

ಗಾಡಿಯನ್ನ ಹೇಗೋ ಅವರ ಅಂಗಡಿವರೆಗೆ ಎಳೆಸಿದೆವು. ಅವರು ಮೊದಲು ಆ ಹಳೇ ಪಾಯಿಂಟನ್ನೇ ವಾಪಸ್ ಕೂರಿಸಿ, ಸ್ಟಾರ್ಟ್ ಮಾಡಿ ಡ್ವೆಲ್ ಮೀಟರ್ ಹಾಕಿದರು. ಮುಳ್ಳು 70 ದಾಟಿ ನಿಂತಿತು. ನಮ್ಮ ಲೂಕಾಸ್ ಡಿಸ್ಟ್ರಿಬ್ಯೂಟರಿಗೆ ಇರಬೇಕಾದ್ದು 60 ಡಿಗ್ರಿ, ಹೆಚ್ಚು ಕಡಿಮೆ 3. ನಿಮ್ಮ ಗಾಡಿಯದ್ದು ಬೇರೆ ಇರಬಹುದು, ಮ್ಯಾನ್ಯುಯಲ್ ನೋಡಿಕೊಳ್ಳಿ.

ಡ್ವೆಲ್ ಅಂದರೆ ಪಾಯಿಂಟ್ ಮುಚ್ಚಿಕೊಂಡಿರುವಷ್ಟು ಹೊತ್ತು, ಅದನ್ನ ಡಿಗ್ರಿಯಲ್ಲಿ ಅಳೆಯುತ್ತಾರೆ. ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರ್ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಸ್ಪಾರ್ಕ್, ಅಂದರೆ ಒಂದೊಂದಕ್ಕೆ 90 ಡಿಗ್ರಿ. ಅದರಲ್ಲಿ 60 ಮುಚ್ಚಿರಬೇಕು, 30 ತೆರೆದಿರಬೇಕು. ಮುಚ್ಚಿರುವಾಗ ಕಾಯಿಲ್‌ಗೆ ಕರೆಂಟ್ ಹರಿಯುತ್ತೆ, ತೆರೆದ ತಕ್ಷಣ ಸ್ಪಾರ್ಕ್. ಇಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಡಿಸ್ಟ್ರಿಬ್ಯೂಟರ್ ಅದರರ್ಧ, 1500. ಸೆಕೆಂಡಿಗೆ 100 ಸ್ಪಾರ್ಕ್ ಆಯ್ತು! ಇಷ್ಟು ಬೇಗ ನಡೆಯುವ ಕೆಲಸವನ್ನ ಒಂದು ಕಣ್ಣು ಮುಚ್ಚಿ ಸೆಟ್ ಮಾಡ್ತೀನಿ ಅಂದ್ರೆ ಹೆಂಗೆ?

ಗ್ಯಾಪ್ ಕಡಿಮೆ ಆದಷ್ಟೂ ಡ್ವೆಲ್ ಜಾಸ್ತಿ. ಹುಡುಗ ಗ್ಯಾಪನ್ನ ಮೊದಲೇ ಕಡಿಮೆ ಇಟ್ಟಿದ್ದ. ಇರಬೇಕಾದ್ದು 0.35ರಿಂದ 0.40 ಮಿ.ಮೀ. ಜೊತೆಗೆ ಪಾಯಿಂಟನ್ನ ತಳ್ಳಿ ತೆರೆಸುವ ಕ್ಯಾಮ್‌ಗೆ ಒಂದು ಚೂರು ಗ್ರೀಸ್ ಹಚ್ಚಿರಲಿಲ್ಲ, ಹಾಗಾಗಿ ಕ್ಯಾಮ್‌ಗೆ ಉಜ್ಜುವ ಪಾಯಿಂಟಿನ ಹಿಮ್ಮಡಿ ಬೇಗ ಸವೆದು ಗ್ಯಾಪ್ ಇನ್ನೂ ಕಡಿಮೆಯಾಗಿದೆ. ಗ್ಯಾಪ್ ಕಡಿಮೆ ಆದರೆ ಪಾಯಿಂಟ್ ತಡವಾಗಿ ತೆರೆಯುತ್ತೆ, ಟೈಮಿಂಗ್ ಹಿಂದೆ ಬೀಳುತ್ತೆ. ಬೆಟ್ಟದಲ್ಲಿ ಗಾಡಿ ಎಳೆಯದಿದ್ದದ್ದು, ಹೀಟ್ ಆಗಿದ್ದು ಇದಕ್ಕೇ. ಡಿಸ್ಟ್ರಿಬ್ಯೂಟರ್ ತಿರುಗಿಸಿದಾಗ ಟೈಮಿಂಗ್ ಏನೋ ಹತ್ತಿರಕ್ಕೆ ಬಂತು, ಡ್ವೆಲ್ ಹಾಗೇ ಉಳಿಯಿತು. ಮೊದಲು ಡ್ವೆಲ್, ಆಮೇಲೆ ಟೈಮಿಂಗ್. ಉಲ್ಟಾ ಮಾಡಿದರೆ ಡ್ವೆಲ್ ಸರಿ ಮಾಡಿದ ತಕ್ಷಣ ಟೈಮಿಂಗ್ ಮತ್ತೆ ಕೆಡುತ್ತೆ.

ಕಾಯಿಲ್ ಕಥೆ ಇನ್ನೂ ಚೆನ್ನಾಗಿದೆ. ಗ್ಯಾರೇಜಿನವರು ಹಾಕಿದ್ದು ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಓಡಬೇಕಾದ ಕಾಯಿಲ್, ಮೀಟರ್ ಇಟ್ಟರೆ 1.5 ಓಮ್. ನಮ್ಮ ಗಾಡಿಯಲ್ಲಿ ರೆಸಿಸ್ಟರೇ ಇಲ್ಲ, 3 ಓಮ್‌ನದ್ದು ಬೇಕು. 12 ವೋಲ್ಟಿಗೆ ಲೆಕ್ಕ ಹಾಕಿ, 4 ಆಂಪಿಯರ್ ಹೋಗುವ ಕಡೆ 8. ಪಾಯಿಂಟ್ ಸುಡದೆ ಇನ್ನೇನಾಗುತ್ತೆ.

ಮಂಡ್ಯದ ಎಲೆಕ್ಟ್ರಿಷಿಯನ್ ಹೊಸ ಪಾಯಿಂಟ್, ಅದು ಸುಡದಂತೆ ಕಾಯುವ ಹೊಸ ಕಂಡೆನ್ಸರ್ ಹಾಕಿದರು, ಮೀಟರ್ ನೋಡಿಕೊಂಡೇ 60ಕ್ಕೆ ತಂದರು, ಕೊನೆಗೆ ಟೈಮಿಂಗ್. ರೇಸ್ ಕೊಟ್ಟು ಮುಳ್ಳು ಅಲ್ಲಾಡುತ್ತಾ ಅಂತಲೂ ನೋಡಿದರು. ಜಾಸ್ತಿ ಅಲ್ಲಾಡಿದರೆ ಡಿಸ್ಟ್ರಿಬ್ಯೂಟರ್ ಶಾಫ್ಟ್ ಹಿಡಿದಿರುವ ಬುಷ್ ಸವೆದಿದೆ ಅಂತ ಅನುಮಾನ ಪಡಬೇಕು, ಆಗ ಎಂಥಾ ಪಾಯಿಂಟ್ ಹಾಕಿದರೂ ನಿಲ್ಲಲ್ಲ. ನಮ್ಮದು ಅಲ್ಲಾಡಲಿಲ್ಲ, ಪುಣ್ಯ. ಹೊಸ ಪಾಯಿಂಟಿನ ಹಿಮ್ಮಡಿ ಕೂರುವವರೆಗೆ ಗ್ಯಾಪ್ ಸ್ವಲ್ಪ ಬದಲಾಗುತ್ತೆ, ಒಂದಷ್ಟು ಓಡಿಸಿ ಮತ್ತೆ ತೋರಿಸಿ ಅಂದಿದ್ದಾರೆ.

ಆದ್ದರಿಂದ ಗ್ಯಾರೇಜಿಗೆ ಹೋದರೆ ಡ್ವೆಲ್ ಮೀಟರ್ ಇದೆಯಾ ಅಂತ ಮೊದಲೇ ಕೇಳಿ. ಇಲ್ಲ ಅಂದರೆ ಕೊನೇಪಕ್ಷ ಹೊಸ ಪಾಯಿಂಟಿಗೆ ಫೀಲರ್ ಗೇಜ್ ಇಟ್ಟು ಸೆಟ್ ಮಾಡಿಸಿ, ಪಕ್ಕದಲ್ಲೇ ನಿಂತಿರಿ. ಡ್ವೆಲ್ ನೋಡದೆ ಕಾರ್ಬೊರೇಟರ್ ಬಿಚ್ಚೋಕೆ ಬಿಡಬೇಡಿ. ತೆಗೆದ ಸಾಮಾನನ್ನ ಕೇಳಿ ಇಸ್ಕೊಳ್ಳಿ. ನಮ್ಮ ಹಳೆ ಕಾಯಿಲ್ ಡಿಕ್ಕಿಯಲ್ಲಿ ಬಿದ್ದಿದ್ದು ಒಳ್ಳೇದಾಯ್ತು, ಅದೇ ಈಗ ಗಾಡಿಯಲ್ಲಿ ಓಡುತ್ತಿದೆ. ಹೊಸ ಕಾಯಿಲ್ ದುಡ್ಡು ವಾಪಸ್ ಕೊಡಿ ಅಂತ ಆ ಗ್ಯಾರೇಜಿಗೆ ಫೋನ್ ಮಾಡಿದರೆ, ಎಲೆಕ್ಟ್ರಿಕಲ್ ಐಟಂ ರಿಟರ್ನ್ ಇಲ್ಲ ಸಾರ್ ಅಂತ ಇಟ್ಟೇಬಿಟ್ಟರು.