ಎಳೆದು ಕಳಿಸಿದ ನ್ಯಾನೋಫೈಬರ್: ಎಂಟು ತಿಂಗಳು ಬಳಸಿದ ಮೇಲೆ

ಮೊದಲೆಲ್ಲ ನಮ್ಮ ಲ್ಯಾಬಿನಲ್ಲಿ ಫೈಬರನ್ನು, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆಯನ್ನು, ನಾವೇ ಹೈಡ್ರೋಜನ್ ಜ್ವಾಲೆಯಲ್ಲಿ ಕಾಯಿಸಿ, ಎರಡೂ ಕಡೆ ಎಳೆದು ತೆಳ್ಳಗೆ ಮಾಡಿಕೊಳ್ಳುತ್ತಿದ್ದೆವು. ಹತ್ತು ಎಳೆದರೆ ಮೂರು ಉಳಿಯುತ್ತಿದ್ದವು. ಸಾಕಾಗಿ ಈ ಸಲ ರೆಡಿ ಇದ್ದದ್ದನ್ನೇ ತರಿಸಿದೆವು.

ಮಾಮೂಲಿ ಫೈಬರ್ 125 ಮೈಕ್ರೋಮೀಟರ್ ದಪ್ಪ. ಇದರ ನಡುಭಾಗ ಬರೀ 400 ನ್ಯಾನೋಮೀಟರ್. ನಾವು ಬಳಸುವ ಬೆಳಕಿನ ಅಲೆಯುದ್ದವೇ 780 ನ್ಯಾನೋಮೀಟರ್. ಹಾಗಾಗಿ ಬೆಳಕು ಗಾಜಿನೊಳಗೆ ಪೂರ್ತಿ ಹಿಡಿಸುವುದಿಲ್ಲ, ಒಂದಷ್ಟು ಹೊರಗೆ ಮೈಗೆ ಅಂಟಿಕೊಂಡೇ ಸಾಗುತ್ತದೆ. ನಮಗೆ ಬೇಕಿದ್ದದ್ದೂ ಅದೇ.

ನಮ್ಮ ಪ್ರಯೋಗ ರುಬಿಡಿಯಂ ಎಂಬ ಲೋಹದ ಪರಮಾಣುಗಳ ಮೇಲೆ. ಬೆಳಕು ಹೀರಿ ಉದ್ರೇಕಗೊಂಡ ರುಬಿಡಿಯಂ ಪರಮಾಣು ಸುಮಾರು 26 ನ್ಯಾನೋಸೆಕೆಂಡಿನಲ್ಲಿ ಬೆಳಕು ಬಿಡುತ್ತದೆ. ಪರಮಾಣು ಒಂಟಿಯಾಗಿದ್ದರೆ ಆ ಫೋಟಾನ್ (ಬೆಳಕಿನ ಕಣ) ಯಾವ ಕಡೆಗಾದರೂ ಹೋಗಬಹುದು. ಫೈಬರ್‌ಗೆ ತಾಗುವಷ್ಟು ಹತ್ತಿರವಿದ್ದರೆ ಹೆಚ್ಚುಕಡಿಮೆ ಐದರಲ್ಲೊಂದು ಫೈಬರ್ ಒಳಗೇ ಹೊಕ್ಕುತ್ತದೆ. ಒಂದು ಮೈಕ್ರೋಮೀಟರ್ ಆಚೆ ಸರಿದರೆ ಸಿಗುವುದು ತೀರಾ ಕಡಿಮೆ. ಬೆಳಕು ಎಷ್ಟು ಬೇಗ ಹೊರಬರುತ್ತದೆ ಅನ್ನುವುದರಲ್ಲಿ ಸುತ್ತಲಿನ ಜಾಗದ ಪಾಲೂ ಇದೆ ಅಂತ ಭೌತವಿಜ್ಞಾನಿ ಪರ್ಸೆಲ್ 1946ರಲ್ಲೇ ಹೇಳಿದ್ದರು. ಓದಿದ್ದೆ, ಆದರೆ ಕಣ್ಣಾರೆ ನೋಡಿರಲಿಲ್ಲ.

ಮೊದಲ ರಾತ್ರಿ ಫೈಬರ್ ತುದಿಯನ್ನು ಫೋಟಾನ್ ಎಣಿಸುವ ಡಿಟೆಕ್ಟರ್‌ಗೆ ಜೋಡಿಸಿ, ಪರಮಾಣುಗಳನ್ನು ಹಿಡಿದಿಡುವ ಕಾಂತದ ಕಾಯಿಲ್ ಕರೆಂಟ್ ತಿರುಗಿಸುತ್ತಾ ತಣ್ಣನೆಯ ಪರಮಾಣುಗಳ ಮೋಡವನ್ನು ಮೆಲ್ಲಗೆ ಫೈಬರ್ ಮೇಲೆ ತಂದೆ. ಎಣಿಕೆ ಸರ್ರನೆ ಏರಿತು. ಮೋಡ ಪಕ್ಕಕ್ಕೆ ಸರಿಸಿದೆ, ಇಳಿಯಿತು. ಮತ್ತೆ ತಂದೆ, ಮತ್ತೆ ಏರಿತು. ಕೆಲಸ ಮುಗಿದಿತ್ತು, ಆದರೂ ಸುಮ್ನೆ ಇನ್ನೂ ಹತ್ತು ಸಲ ಹಾಗೇ ಮಾಡಿದೆ. ಅಷ್ಟು ಖುಷಿ.

ಎಳೆತದ ಕೆಲಸ ನಿಜಕ್ಕೂ ಚೆನ್ನಾಗಿದೆ. ಬಂದಾಗ ಶೇ. 99ರಷ್ಟು ಬೆಳಕು ಆಚೆ ತುದಿಗೆ ತಲುಪುತ್ತಿತ್ತು. ಬೇಜಾರಾದದ್ದು ಪೆಟ್ಟಿಗೆಯ ವಿಷಯಕ್ಕೆ. ಮುಚ್ಚಳ ಸಡಿಲ. ಎರಡನೇ ಫೈಬರನ್ನು ಹೊರತೆಗೆಯುವಷ್ಟರಲ್ಲಿ ಒಂದು ಧೂಳಿನ ಕಣ ಕೂತಿತ್ತು. ಕೆಂಪು ಲೇಸರ್ ಹಾಯಿಸಿದರೆ ಅಲ್ಲೊಂದು ಚುಕ್ಕೆ ಉರಿದಂತೆ ಹೊಳೆಯಿತು, ಬೆಳಕು ಶೇ. 90ಕ್ಕೆ ಇಳಿಯಿತು. ಇಂಥ ನಾಜೂಕು ವಸ್ತುವಿಗೆ ಅಂಥ ಮುಚ್ಚಳವಾ?

ಕೊಳ್ಳುವವರಿಗೆ ಒಂದು ಮಾತು. ರುಬಿಡಿಯಂ ಆವಿ ಫೈಬರ್ ಮೇಲೆ ನಿಧಾನವಾಗಿ ಕೂರುತ್ತದೆ. ಒಳಗೆ ಸದಾ ಸ್ವಲ್ಪ ಬೆಳಕು ಹಾಯಿಸಿ ಬೆಚ್ಚಗಿಟ್ಟರೆ ಕೂರುವುದಿಲ್ಲ. ಜಾಸ್ತಿ ಹಾಯಿಸಬೇಡಿ. ಫೈಬರ್ ಇರುವುದು ನಿರ್ವಾತದಲ್ಲಿ, ಶಾಖ ಒಯ್ಯಲು ಗಾಳಿ ಇರುವುದಿಲ್ಲ, ಕ್ಷಣದಲ್ಲಿ ತುಂಡಾಗುತ್ತದೆ. ಮೂರನೆಯದು ನಮಗೆ ಹೋದದ್ದು ಹಾಗೇ, ತಪ್ಪು ನಮ್ಮದೇ. ಇನ್ನೆರಡಕ್ಕೆ ಆರ್ಡರ್ ಹಾಕಿದ್ದೇನೆ, ಮುಚ್ಚಳ ಬಿಗಿ ಇರಲಿ ಅಂತ ಬರೆದು.