ಟೆಸ್ಟರ್‌ನಲ್ಲಿ ಎಂಟೂ ಲೈಟ್ ಬಂತು ಅಂತ ದುಡ್ಡು ಕೊಡಬೇಡಿ

ಮುಂಬೈಯಲ್ಲಿ ಮನೆಯಿಂದಲೇ ಕೆಲಸ ಮಾಡುವವರು, ಮನೆಯೊಳಗೆ ನೆಟ್‌ವರ್ಕ್ ಕೇಬಲ್ ಎಳೆಸಿಕೊಂಡವರು ಇದನ್ನೊಮ್ಮೆ ಓದಿ. ಕೇಬಲ್ ತುದಿಯ ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಕನೆಕ್ಟರ್ ಬದಲಿಸಲು ಕರೆಸಿದ ಮನುಷ್ಯ ನಮ್ಮ ತಲೆಗೆ ಹೊಸ ರೌಟರ್ ಕಟ್ಟಿ ಹೋದ. ತೊಂದರೆ ಮಾತ್ರ ಇದ್ದಲ್ಲೇ ಇತ್ತು.

ನಾವಿರುವುದು ಮುಲುಂಡ್‌ನ ಹಳೇ ಬಿಲ್ಡಿಂಗಿನಲ್ಲಿ. ಗೋಡೆ ದಪ್ಪ, ಹಾಲ್‌ನ ವೈಫೈ ಒಳಕೋಣೆಗೆ ಸರಿಯಾಗಿ ಬರುವುದಿಲ್ಲ. ಹಾಗಾಗಿ ಗೋಡೆಯಂಚಿನ ಪಟ್ಟಿಯೊಳಗೆ ಕೇಬಲ್ ಹಾಕಿಸಿಕೊಂಡಿದ್ದೆವು. ಈ ಸಲ ಚೌತಿಗೆ ಮಂಟಪ ಇಡಲು ಟೇಬಲ್ ಸರಿಸುವಾಗ ಕೇಬಲ್ ಜಗ್ಗಿ, ಕನೆಕ್ಟರ್‌ನ ಕ್ಲಿಪ್ ಮುರಿಯಿತು. ಪೋರ್ಟಿಗೆ ಹಾಕಿದಾಗ ಟಕ್ ಅಂತ ಕೂರುತ್ತದಲ್ಲ, ಆ ಸಣ್ಣ ಪ್ಲಾಸ್ಟಿಕ್ ನಾಲಿಗೆ. ಅದಿಲ್ಲದಿದ್ದರೆ ಕನೆಕ್ಟರ್ ನಿಲ್ಲುವುದಿಲ್ಲ. ಲ್ಯಾಪ್‌ಟಾಪ್ ಸ್ವಲ್ಪ ಅಲುಗಿದರೂ ಮೀಟಿಂಗ್ ಕಟ್.

ಹತ್ತಿರದ ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದೆವು. (ಹೆಸರು ಹಾಕುವುದಿಲ್ಲ, ಕೇಳಬೇಡಿ.) ಒಬ್ಬ ಹುಡುಗ ಬಂದ. ಮುರಿದ ತುದಿ ಕತ್ತರಿಸಿದ, ಇನ್ನೊಂದು ತುದಿಯನ್ನೂ ಕತ್ತರಿಸಿದ. "ಅದು ಚೆನ್ನಾಗೇ ಇದೆಯಲ್ಲಪ್ಪಾ" ಅಂದರೆ, ಎರಡೂ ಕಡೆ ಒಂದೇ ಥರ ಇರಬೇಕು ಅಂದ. ಹೊಸ ಕನೆಕ್ಟರ್ ಹಾಕಿ ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಕೂರಿಸಿ), ಎರಡೂ ತುದಿಗೆ ಕೇಬಲ್ ಟೆಸ್ಟರ್ ಸಿಕ್ಕಿಸಿದ. ಒಂದರಿಂದ ಎಂಟರವರೆಗೆ ಹಸಿರು ಲೈಟ್ ಸಾಲಾಗಿ ಮಿನುಗಿದವು. "ದೇಖೋ ಮ್ಯಾಡಮ್, ಏಕ್‌ದಮ್ ಓಕೆ." 400 ರೂಪಾಯಿ ತಗೊಂಡು ಹೋದ.

ಮಾರನೇ ದಿನದಿಂದ ಕಾಟ ಶುರು. ನೆಟ್ ಇದೆ, ಆದರೆ ಇಲ್ಲ. ಮೇಲ್ ತೆರೆಯುತ್ತದೆ, ವಿಡಿಯೋ ಕಾಲ್‌ನಲ್ಲಿ ಮಾತ್ರ ಎದುರಿನವರ ಬಾಯಿ ಅರ್ಧಕ್ಕೇ ನಿಲ್ಲುತ್ತದೆ. ನಮ್ಮದು 200 ಎಂಬಿಪಿಎಸ್ ಪ್ಲಾನ್. ರೌಟರ್ ಪಕ್ಕ ನಿಂತು ಫೋನಿನಲ್ಲಿ ನೋಡಿದರೆ ಹತ್ತಿರ ಹತ್ತಿರ ಅಷ್ಟೂ ಬರುತ್ತದೆ, ಕೇಬಲ್‌ನಲ್ಲಿ ನಲವತ್ತು ಬಂದರೆ ಪುಣ್ಯ. ಮತ್ತೆ ಕರೆಸಿದೆವು. ಟೆಸ್ಟರ್ ಹಾಕಿದ, ಮತ್ತೆ ಎಂಟೂ ಹಸಿರು. "ಕೇಬಲ್ ಸರಿ ಇದೆ, ರೌಟರ್‌ನ ಲ್ಯಾನ್ ಪೋರ್ಟ್ ಹೋಗಿದೆ" ಅಂದ. ಅಂಗಡಿಯವನೂ ಫೋನಿನಲ್ಲಿ ಅದನ್ನೇ ಹೇಳಿದ. ಆಗಬಹುದಾದ ಮಾತೇ, ಪೋರ್ಟ್‌ಗಳು ಕೆಡುತ್ತವೆ. 1,900 ರೂಪಾಯಿಯ ರೌಟರ್ ಬಂತು. ಮೀಟಿಂಗ್‌ನಲ್ಲಿ ಬಾಯಿಗಳು ಅರ್ಧಕ್ಕೇ ನಿಲ್ಲುತ್ತಲೇ ಇದ್ದವು. ಮೂರನೇ ಸಲ ಬಂದವನ ಮಾತು: ಕೇಬಲ್ಲೇ ಪೂರ್ತಿ ಬದಲಿಸೋಣ!

ಅಷ್ಟರಲ್ಲಿ ಕೆಳಗಿನ ಮನೆಯ ಶೆಟ್ಟರು ಪ್ರಸಾದಕ್ಕೆ ಬಂದರು. ಸರ್ಕಾರಿ ಟೆಲಿಫೋನ್ ಕಂಪನಿ ಎಂಟಿಎನ್‌ಎಲ್‌ನಲ್ಲಿ ಕೇಬಲ್ ಜಾಯಿಂಟಿಂಗ್ ಮಾಡುತ್ತಿದ್ದವರು, 2020ರ ವಿಆರ್‌ಎಸ್‌ನಲ್ಲಿ (ಸ್ವಯಂ ನಿವೃತ್ತಿಯಲ್ಲಿ) ಹೊರಬಂದರು. ಟೆಸ್ಟರ್ ಕಡೆ ತಿರುಗಿಯೂ ನೋಡಲಿಲ್ಲ. ಕನ್ನಡಕ ಹಣೆಗೇರಿಸಿ, ಕನೆಕ್ಟರನ್ನು ಬೆಳಕಿಗೆ ಹಿಡಿದರು. ಪಾರದರ್ಶಕ ಪ್ಲಾಸ್ಟಿಕ್ ಅಲ್ವಾ, ಒಳಗಿನ ಬಣ್ಣ ಕಾಣುತ್ತದೆ. "ಮಾರಾಯ್ತಿ, ಇದು ಸ್ಪ್ಲಿಟ್ ಪೇರ್" ಅಂದರು.

ವಿಷಯ ಇಷ್ಟು. ಕೇಬಲ್ ಒಳಗೆ ಎಂಟು ಎಳೆ, ನಾಲ್ಕು ಜೋಡಿ. ಪ್ರತಿ ಜೋಡಿಯನ್ನೂ ಒಂದಕ್ಕೊಂದು ಹೊಸೆದಿರುತ್ತಾರೆ. ಒಂದು ಎಳೆಯಲ್ಲಿ ಹೋಗುವ ಸಿಗ್ನಲ್‌ನ ಉಲ್ಟಾ ಅದರ ಜೊತೆಗಾರನಲ್ಲಿ ಹೋಗುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಒಂದೇ ಥರ ತಾಗುವುದರಿಂದ ಆ ತುದಿಯಲ್ಲಿ ಎರಡರ ವ್ಯತ್ಯಾಸ ತೆಗೆದಾಗ ಅದು ಅಳಿಸಿಹೋಗುತ್ತದೆ. ಈ ಹೊಸೆಯುವ ಉಪಾಯಕ್ಕೆ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ಕನೆಕ್ಟರ್‌ನಲ್ಲಿ ಎಂಟು ಪಿನ್, ಒಂದೊಂದಕ್ಕೆ ಒಂದು ಎಳೆ. 1-2 ಒಂದು ಜೋಡಿ, 4-5 ಒಂದು, 7-8 ಒಂದು. ಉಳಿದದ್ದು 3 ಮತ್ತು 6, ಅದೂ ಒಂದೇ ಜೋಡಿ. ಎಡವುವುದು ಇಲ್ಲೇ. ಆ ಹುಡುಗ ಸುಮ್ನೆ ಬಣ್ಣ ಬಣ್ಣ ಪಕ್ಕಪಕ್ಕ ಇಟ್ಟಿದ್ದ: ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ. ನೋಡಲು ಚೆಂದ. ಆದರೆ 3ರಲ್ಲಿ ಹಸಿರಿನ ಎಳೆ, 6ರಲ್ಲಿ ನೀಲಿಯದು. ಜೊತೆಗಾರರು ಬೇರೆಯಾದರು (ಸ್ಪ್ಲಿಟ್ ಪೇರ್ ಅಂದರೆ ಇದೇ), ಗದ್ದಲ ಅಳಿಯಲಿಲ್ಲ, ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರಿತು. ಹಳೇ ಲ್ಯಾಂಡ್‌ಲೈನ್‌ನಲ್ಲಿ ಬೇರೆಯವರ ಮಾತು ಕೇಳುತ್ತಿತ್ತಲ್ಲ, ಎಷ್ಟೋ ಸಲ ಅದಕ್ಕೂ ಇದೇ ಕಾರಣ ಅಂತೆ.

ಟೆಸ್ಟರ್ ಯಾಕೆ ಹಿಡಿಯಲಿಲ್ಲ? ಆ ಅಗ್ಗದ ಡಬ್ಬಿ ನೋಡುವುದು ಒಂದೇ: ಈ ತುದಿಯ 3ನೇ ಪಿನ್‌ನಿಂದ ಕರೆಂಟ್ ಆ ತುದಿಯ 3ಕ್ಕೆ ಮುಟ್ಟಿತಾ. ಎರಡೂ ಕಡೆ ಒಂದೇ ತಪ್ಪು ಮಾಡಿದರೆ ಅದರ ಲೆಕ್ಕದಲ್ಲಿ ಎಲ್ಲ ಸರಿ. ಯಾವ ಎಳೆ ಯಾವುದರ ಜೊತೆ ಹೊಸೆದಿದೆ ಅನ್ನುವುದು ಅದಕ್ಕೆ ಗೊತ್ತಾಗುವುದೇ ಇಲ್ಲ.

ಇನ್ನೊಂದು ಅಧ್ವಾನವನ್ನೂ ಶೆಟ್ಟರು ತೋರಿಸಿದರು. ಕೇಬಲ್‌ನ ಹೊರಗಿನ ಬೂದು ಸಿಪ್ಪೆ ಕನೆಕ್ಟರ್ ಒಳಗೆ ಹೋಗಿರಲೇ ಇಲ್ಲ. ಬಾಯಿಯ ಹೊರಗೆ ಬರೀ ಎಳೆಗಳು ಕಾಣುತ್ತಿದ್ದವು. ಕ್ರಿಂಪ್ ಮಾಡಿದಾಗ ಹಿಂಬದಿಯ ಒತ್ತು ಸಿಪ್ಪೆಯನ್ನು ಅದುಮಿ ಹಿಡಿಯಬೇಕು. ಇಲ್ಲದಿದ್ದರೆ ಒಂದು ಸಣ್ಣ ಜಗ್ಗಿಗೆ ಎಳೆ ಹೊರಬರುತ್ತದೆ. ಹೊಸೆದದ್ದನ್ನು ಬಿಡಿಸುವುದೂ ಅರ್ಧ ಇಂಚಿಗಿಂತ ಜಾಸ್ತಿ ಇರಬಾರದು. ಅವನು ಬದಲಿಸೋಣ ಅಂತ ತಂದಿದ್ದ ಕೇಬಲ್‌ನ ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗಿತ್ತು. ಅಲ್ಯೂಮಿನಿಯಂ, ಮೇಲೆ ಮಾತ್ರ ತಾಮ್ರದ ಲೇಪ. ಬಗ್ಗಿಸಿದರೆ ಬೇಗ ಮುರಿಯುವ ಮಾಲು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಸಿಟ್ಟು ಅಂಗಡಿಯವನ ಮೇಲೆ. ರೌಟರ್ ಮಾರುವ ಮೊದಲು, ಅದೇ ಪೋರ್ಟಿಗೆ ಬೇರೆ ಗಿಡ್ಡ ಕೇಬಲ್ ಹಾಕಿ ನೋಡಿದ್ದರೆ ಪೋರ್ಟ್ ಕೆಟ್ಟಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತಿತ್ತು. ವಾಪಸ್ ಕೊಡಲು ಹೋದರೆ "ಬಾಕ್ಸ್ ತೆರೆದಿದೆ" ಅಂದ. ತೆರೆದದ್ದು ಅವನ ಹುಡುಗನೇ!

ನೀವು ಮಾಡಿಸುವಾಗ ಕ್ರಿಂಪ್ ಮಾಡುವ ಮೊದಲೇ ಬಣ್ಣ ನೋಡಿ. ಕ್ಲಿಪ್ ಕೆಳಗೆ, ಹಿತ್ತಾಳೆ ಬಣ್ಣದ ಪಿನ್‌ಗಳು ಮೇಲೆ, ಕೇಬಲ್ ನಿಮ್ಮ ಕಡೆ ಬರುವಂತೆ ಹಿಡಿದರೆ ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದು ಬಿ ಪದ್ಧತಿ. ಎ ಪದ್ಧತಿಯಲ್ಲಿ ಕಿತ್ತಳೆ ಮತ್ತು ಹಸಿರು ಜಾಗ ಬದಲಿಸುತ್ತವೆ. ಎರಡರಲ್ಲೂ ನಟ್ಟನಡುವೆ ನೀಲಿ ಜೋಡಿಯೇ ಇರಬೇಕು. ಅಲ್ಲಿ ಹಸಿರು ಕಂಡರೆ ಕೈ ಹಿಡಿದು ನಿಲ್ಲಿಸಿ. ಆಮೇಲೆ ಲ್ಯಾಪ್‌ಟಾಪ್‌ನ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. ರೌಟರ್, ಲ್ಯಾಪ್‌ಟಾಪ್ ಎರಡೂ ಗಿಗಾಬಿಟ್‌ನವಾದರೆ 1000 ಎಂಬಿಪಿಎಸ್ ಇರಬೇಕು. 100 ಅಂತ ಇದ್ದರೆ ಎಲ್ಲೋ ಎಡವಟ್ಟಾಗಿದೆ. ಲ್ಯಾಪ್‌ಟಾಪ್‌ನಿಂದ ರೌಟರ್‌ಗೇ ಸ್ವಲ್ಪ ಹೊತ್ತು ಪಿಂಗ್ ಹಾಕಿ (ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದಾ ನೋಡುವ ಕಮಾಂಡ್), ಒಂದೂ ಕಳೆದುಹೋಗಬಾರದು. ದುಡ್ಡು ಇದೆಲ್ಲ ಆದ ಮೇಲೆ.

ನಮ್ಮ ಮನೆಯಲ್ಲಿ ಶೆಟ್ಟರು ಎರಡೂ ತುದಿಗೆ ಗೋಡೆ ಬಾಕ್ಸ್ (ಕೇಬಲ್ ಸಿಕ್ಕಿಸುವ ಸಾಕೆಟ್) ಕೂರಿಸಿದರು. ಲ್ಯಾಪ್‌ಟಾಪ್‌ಗೆ ಅಲ್ಲಿಂದ ಪ್ಯಾಚ್ ಕಾರ್ಡ್, ಅಂದರೆ ಎರಡೂ ಕಡೆ ಕನೆಕ್ಟರ್ ಇರುವ ರೆಡಿಮೇಡ್ ಗಿಡ್ಡ ಕೇಬಲ್. ಇನ್ನು ಕ್ಲಿಪ್ ಮುರಿದರೆ ಆ ಗಿಡ್ಡ ಕೇಬಲ್ ಬದಲಿಸಿದರೆ ಆಯಿತು, ಗೋಡೆಯ ಕೇಬಲ್‌ಗೆ ಯಾರೂ ಕತ್ತರಿ ಹಾಕಬೇಕಾಗಿಲ್ಲ.